ರೋಮನರು ಕೂತ ಕಲ್ಲು

ಕೆಂಡದ ಮೇಲೆ ಸುಟ್ಟ ಮೆಣಸಿನಕಾಯಿಗಳ ಸಿಪ್ಪೆ ಸುಲಿಯುತ್ತಿದ್ದ ಮನೂಬಿಯಾಗೆ ಗಂಡ ಹಮ್ಮಾದಿ ಮೂರನೆಯ ಸಲ ಅದನ್ನೇ ಹೇಳಿದ.

"ಕೇಳಿದ್ರೆ ತೆಬುರ್ಸುಕ್ ಪೇಟೆಯವಳು ಅನ್ನು. ದುಗ್ಗಾ ಅನ್ಬೇಡ."

"ದುಗ್ಗಾ ನೋಡೋಕೆ ತಾನೇ ಅವ್ರು ಬರ್ತಿರೋದು?"

"ನೋಡೋಕೆ. ಅಲ್ಲಿ ಹುಟ್ಟಿದವಳನ್ನ ಬೀಗತಿ ಮಾಡ್ಕೊಳ್ಳೋಕಲ್ಲ."

ದುಗ್ಗಾ ಗುಡ್ಡದ ಮೇಲಿನ ರೋಮನರ ಹಾಳೂರು. ರೋಮನರು ಹೋದ ಮೇಲೂ ಅಲ್ಲಿ ಜನ ಇದ್ದರು. ಬಿದ್ದ ಕಂಬಗಳ ನಡುವೆ ಗೋಡೆ ಎಬ್ಬಿಸಿ, ಆಡು ಸಾಕಿ, ಮಕ್ಕಳನ್ನು ಹೆತ್ತು ಬದುಕಿದ್ದರು. ಮನೂಬಿಯಾಗೆ ಹದಿನಾಲ್ಕು ತುಂಬಿದ ವರ್ಷ ಸರ್ಕಾರ ಅವರನ್ನೆಲ್ಲ ಕೆಳಗಿನ ಹೊಸ ಊರಿಗೆ ಸಾಗಿಸಿತು. ಎಂದೋ ಸತ್ತವರಿಗೆ ಜಾಗ ಇಕ್ಕಟ್ಟಾಗುತ್ತಿತ್ತಂತೆ. ಈ ಸಂಗತಿ ಮಗಳು ರೌದಾಳ ಕಿವಿಗೂ ಬೀಳದಂತೆ ಹಮ್ಮಾದಿ ನೋಡಿಕೊಂಡಿದ್ದ. ಈಗ ಟ್ಯೂನಿಸ್‌ನ ದೊಡ್ಡ ಮನೆತನದ ಹಲ್ಲಿನ ವೈದ್ಯನೊಬ್ಬ ರೌದಾಳನ್ನು ಮೆಚ್ಚಿದ್ದ. ಅವನ ತಾಯಿ ಬೇಯಾ, ಗೌರವದಿಂದ ಎಲ್ಲರಿಗೂ ಲಲ್ಲಾ ಬೇಯಾ, ಮೊದಲು ರೋಮನರನ್ನು ನೋಡಿ, ಆಮೇಲೆ ಹುಡುಗಿಯನ್ನು ನೋಡುವುದೆಂದು ನಿಶ್ಚಯವಾಗಿತ್ತು.

ಲಲ್ಲಾ ಬೇಯಾ ಬಂದಿಳಿದ ಮೇಲೆ, ರೌದಾಳನ್ನು ಅಡುಗೆಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಅವರ ಜೊತೆ ಗುಡ್ಡ ಹತ್ತಿದರು. ಹಾಳೂರು ತೋರಿಸಲು ಬಂದ ಗೈಡ್ ಅಮ್ಮಾರ್, ಮನೂಬಿಯಾಳ ಪಕ್ಕದ ಮನೆಯಲ್ಲೇ ಹುಟ್ಟಿದವನು. ಅವಳನ್ನು ಕಂಡು ಅವನ ಹುಬ್ಬು ಮೇಲೇರಿತು. ಅವಳು ಬೇಡವೆಂದು ಸಣ್ಣಗೆ ತಲೆಯಾಡಿಸಿದಳು. ಹುಬ್ಬು ಕೆಳಗಿಳಿಯಿತು. ಹೊಟ್ಟೆಪಾಡಿಗೆ ಸುಳ್ಳು ಹೇಳುವವನಿಗೆ ಇನ್ನೊಬ್ಬರ ಸುಳ್ಳು ಬೇಗ ಅರ್ಥವಾಗುತ್ತದೆ.

"ಇದು ಊರಿನ ಕಕ್ಕಸು, ಲಲ್ಲಾ. ಹನ್ನೆರಡು ಜನ ಒಟ್ಟಿಗೆ ಕೂತು ಹರಟೆ ಹೊಡೀತಿದ್ರು."

ಲಲ್ಲಾ ಬೇಯಾ ತಂಪು ಕನ್ನಡಕ ತೆಗೆದು, ತೂತುಗಳ ಸಾಲನ್ನು ಭಕ್ತಿಯಿಂದ ಸವರಿದರು. "ಎಂಥಾ ನಾಗರಿಕತೆ," ಎಂದು ಒಂದು ತೂತಿನ ಮೇಲೆ ಕೂತು ಫೋಟೊ ತೆಗೆಸಿಕೊಂಡರು. ಹಮ್ಮಾದಿ ಕ್ಯಾಮೆರಾ ಹಿಡಿದು, ಇನ್ನೂ ಸ್ವಲ್ಪ ಬಲಕ್ಕೆ, ಇನ್ನೂ ಸ್ವಲ್ಪ, ಎನ್ನುತ್ತಿದ್ದ. ಮನೂಬಿಯಾ ಹುಟ್ಟಿದ ಕೋಣೆಯನ್ನು ಕಸವೆಂದು ಗುಡಿಸಿ ಹಾಕಿದ ಉತ್ಖನನದ ಪಂಡಿತರು ಈ ಕಲ್ಲನ್ನು ಜೋಪಾನ ಮಾಡಿದ್ದರು. ಪುಣ್ಯ ಬೇಕು, ಕೂತ ಕಲ್ಲಿಗೂ.

ರೋಮನರ ಗುಡಿಯ ಹಿಂದೆ, ಗೋಡೆಗೆ ಅಂಟಿದಂತೆ, ಮಸಿ ಹಿಡಿದ ಮಣ್ಣಿನ ಕಟ್ಟೆಯೊಂದು ಮುರಿದ ದೊಡ್ಡ ಬಳೆಯಂತೆ ಅರ್ಧ ಉಳಿದಿತ್ತು.

"ಇದೇನಪ್ಪಾ?"

ಅಮ್ಮಾರ್ ಮನೂಬಿಯಾಳ ಕಡೆ ನೋಡದೆ ಹೇಳಿದ: "ರೋಮನರ ರೊಟ್ಟಿ ಒಲೆ, ಲಲ್ಲಾ."

ಅದು ಮನೂಬಿಯಾಳ ಅವ್ವ ಕಟ್ಟಿದ ಒಲೆ. ಅಮ್ಮಾರ್ ದಿನಾ ಬೆಳಿಗ್ಗೆ ಅದರ ಮುಂದೆ ಕೂತು, ಮೊದಲ ರೊಟ್ಟಿ ತನಗೇ ಬೇಕೆಂದು ಹಟ ಮಾಡಿ, ನಾಲಿಗೆ ಸುಟ್ಟುಕೊಳ್ಳುತ್ತಿದ್ದ.

"ಬೆರಳಿನ ಗುರುತು ನೋಡಿ, ಇನ್ನೂ ಇದೆ," ಲಲ್ಲಾ ಬೇಯಾರ ದನಿ ಗದ್ಗದವಾಯಿತು. "ಯಾವ ಪುಣ್ಯಾತ್ಗಿತ್ತಿಯೋ. ಆಮೇಲೆ ಬಂದೋರು ಇದೇ ಗುಡಿ ಕಂಬಕ್ಕೆ ಆಡು ಕಟ್ತಿದ್ರಂತಲ್ಲ. ಪ್ರಾಣಿಗಳು. ಸದ್ಯ, ಓಡಿಸಿದ್ರು."

"ಪ್ರಾಣಿಗಳೇ ಲಲ್ಲಾ," ಅಂದ ಹಮ್ಮಾದಿ. "ಸ್ನಾನ ಅಂದ್ರೇನೂಂತ ಗೊತ್ತಿರ್ಲಿಲ್ಲ."

ಸ್ನಾನದ ಮಾತು ಯಾರೂ ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳ ಪಕ್ಕದಲ್ಲಿ ಮಲಗಿದವನು ಅದನ್ನು ತನ್ನ ಕಡೆಯಿಂದ ಸೇರಿಸಿದ್ದ.

"ನೀವು ಮೊದ್ಲು ಬಂದಿದ್ರಾ ಇಲ್ಲಿಗೆ?" ಲಲ್ಲಾ ಬೇಯಾ ಅವಳನ್ನು ಕೇಳಿದರು.

"ಒಂದೆರಡು ಸಲ."

ಅಮ್ಮಾರ್‌ಗೆ ಕೆಮ್ಮು ಬಂತು.

ಇಳಿಯುವಾಗ ಲಲ್ಲಾ ಬೇಯಾ ಅವಳ ತೋಳು ಹಿಡಿದರು. "ನಿಮ್ಮ ಮನೆತನ ನಂಗೆ ಹಿಡಿಸ್ತು. ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಹುಡುಗೀನ ನೋಡೋದು ಇನ್ನು ಶಾಸ್ತ್ರಕ್ಕಷ್ಟೆ. ಬರೋ ತಿಂಗಳು ಫಾತಿಹಾ ಓದಿಸಿ ಸಂಬಂಧ ಗಟ್ಟಿ ಮಾಡೋಣ."

ಹಮ್ಮಾದಿಯ ನಡಿಗೆಗೆ ರೆಕ್ಕೆ ಬಂದಿತ್ತು. ಹಿಂದೆ ಬರುತ್ತಿದ್ದ ಮನೂಬಿಯಾ ವಾರದ ದಿನಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಗುರುವಾರ ಅವನು ಕಚೇರಿಗೆ ಹೋದ ಮೇಲೆ ರೌದಾಳನ್ನು ಇಲ್ಲಿಗೆ ಕರೆತರುವುದು. ಕೋಣೆ ಇದ್ದ ಜಾಗದಲ್ಲಿ ನಿಲ್ಲಿಸುವುದು. ನಾನು ಹುಟ್ಟಿದ್ದು ಇಲ್ಲಿ, ಇಲ್ಲಿ ನಿನ್ನಜ್ಜಿಯ ಹಾಸಿಗೆ ಇತ್ತು ಎನ್ನುವುದು. ಮದುವೆಗೆ ಹೂಂ ಅನ್ನುವುದೋ ಊಹೂಂ ಅನ್ನುವುದೋ, ಆಮೇಲೆ ಅವಳೇ ಹೇಳಲಿ.

"ಏನು, ಬಾಯಿಗೆ ಬೀಗ ಹಾಕ್ಕೊಂಡಿದೀಯ?" ಹಮ್ಮಾದಿ ತಿರುಗಿ ನಕ್ಕ. "ಖುಷಿ ಆಗ್ಲಿಲ್ವಾ?"

"ಆಯ್ತು," ಅಂದಳು.