ಹಜಾರದ ಗಾಲ್ಫ್

ಚಳಿಗೆ ಹುಲ್ಲೆಲ್ಲ ಹೆಪ್ಪುಗಟ್ಟಿ ಗಾಲ್ಫ್ ಮೈದಾನಕ್ಕೆ ಬೀಗ ಬಿದ್ದರೂ ದರ್ಜಿಯಮ್ಮ ಕೋಲನ್ನು ಮೂಲೆಗಿಡಲಿಲ್ಲ. ಹಜಾರದ ಮರದ ನೆಲದ ಮೇಲೆ ಲೋಟವೊಂದನ್ನು ಅಡ್ಡ ಮಲಗಿಸಿ, ಅದಕ್ಕೆ ಗುರಿಯಿಟ್ಟು ದಿನವೂ ಚೆಂಡು ಹೊಡೆದಳು. ಎಷ್ಟು ನೇರವಾಗಿ ಹೊಡೆದರೂ ಹಾಳು ಚೆಂಡು ಎಡಕ್ಕೆ ಹೊರಳಿ ಬೀರುವಿನ ಕೆಳಗೆ ನುಸುಳುತ್ತಿತ್ತು.

ಅವಳ ಗಂಡ ಬಡಗಿ. ಆ ನೆಲವನ್ನು ಕೈಯಾರೆ ಹಾಸಿದವನೂ ಅವನೇ. ಕೂತಲ್ಲೇ ಕಿಸಕ್ಕನೆ ನಕ್ಕ. "ನಿನ್ ಕೈಯೇ ಸೊಟ್ಟ ಕಣೇ. ಬಿಟ್ಬಿಡು."

"ಬಿಡಲ್ಲ."

ನೆಂಟರ ಮುಂದೆಯೂ ಅವನು ಅದೇ ಮಾತು ಆಡಿದಾಗ ಅವಳಿಗೆ ಮೈಯೆಲ್ಲ ಉರಿಯಿತು. ಕೋಲನ್ನು ಅವನ ಕೈಗೆ ತುರುಕಿ, ಚೆಂಡನ್ನು ಹಜಾರದ ನಡುವೆ ಮೆಲ್ಲಗೆ ಇಟ್ಟು ಕೈ ತೆಗೆದಳು. ಚೆಂಡು ತುಸು ಹೊತ್ತು ಯೋಚಿಸಿ, ತಾನಾಗಿಯೇ ಉರುಳಿಕೊಂಡು ಹೋಗಿ ಬೀರುವಿನ ಕೆಳಗೆ ಸೇರಿತು.

"ಈಗ ಹೇಳ್ರೀ, ಯಾರ ಕೈ ಸೊಟ್ಟ?"