ಅದ್ದಿದ ರಸ್ಕಿನ ಪಥ್ಯ

ಬ್ಲೂಮ್‌ಫಾಂಟೀನ್‌ನಲ್ಲಿ, ಅತ್ತಿಗೆ ದ್ರೀನಿಯ ಹಿತ್ತಿಲಲ್ಲಿ, ಮಾಂಸ ಸುಟ್ಟ ಕೆಂಡ ಆರುವವರೆಗೂ ಫಾನಸ್ ಪಥ್ಯದ ಉಪದೇಶ ಕೊರೆದ. ಅವಳು ತಿರುವಿದ ಮೆಕ್ಕೆಜೋಳದ ಮುದ್ದೆಯನ್ನು ಮೂಸಿಯೂ ನೋಡಲಿಲ್ಲ.

"ಹಿಟ್ಟು ಅಂದ್ರೆ ವಿಷ ಅತ್ತಿಗೆ. ಇದು ನಾಲ್ಕು ದಿನದ ಆಟ ಅಲ್ಲ, ಸಾಯೋವರೆಗೂ ಮಾಡೋ ಪಥ್ಯ!"

ತೂಕ ಇಳಿಸುವ ಹೆಸರಲ್ಲಿ ಅರ್ಧ ಕುರಿ ನುಂಗಿದವನ ಹೊಟ್ಟೆಯನ್ನು ದ್ರೀನಿ ಅಸಹ್ಯದಿಂದ ನೋಡಿದಳು.

ಕಾಫಿಯ ಜೊತೆ ಎಂದಿನಂತೆ ರಸ್ಕಿನ ಡಬ್ಬಿ ಬಂತು. ಮಾತಾಡುತ್ತಲೇ ಫಾನಸ್ ಒಂದನ್ನು ಅದ್ದಿ ತಿಂದ, ಇನ್ನೊಂದಕ್ಕೆ ಕೈ ಹಾಕಿದ.

"ಅದೇನು ಹಿಟ್ಟಲ್ವೇನೋ?"

"ಕಾಫೀಲಿ ಅದ್ದಿದ್ದನ್ನ ಯಾರಾದ್ರೂ ತಿಂಡಿ ಅಂತಾರಾ ಅತ್ತಿಗೆ? ಅದು ಕಾಫಿ ಲೆಕ್ಕ!"

ದ್ರೀನಿ ಡಬ್ಬಿಯನ್ನೇ ಅವನ ತೊಡೆಯ ಮೇಲೆ ಕುಕ್ಕಿದಳು.

"ತಗೋ, ಮುಗಿಸು. ನಿಂದು ಸಾಯೋವರೆಗಿನ ಪಥ್ಯಾನೇ ಕಣೋ, ಪ್ರತಿ ಜನವರೀಲೂ ಹೊಸದಾಗಿ ಶುರು ಮಾಡ್ತೀಯಲ್ಲ!"