ಬಿಸಿನೀರಮ್ಮನ ಡಬ್ಬಿ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳಿಗೆ ಬಿಸಿನೀರಮ್ಮ ಎಂದು ಹೆಸರಿಟ್ಟವನು ಲೇಥ್ ವಿಭಾಗದ ಮೇಸ್ತ್ರಿ. ಮಳೆಗಾಲ ಬಂತೆಂದರೆ ಅವಳ ಬಾಯಿಗೆ ಬೀಗವಿಲ್ಲ. ಹಸಿ ತರಕಾರಿ ಬೇಡ, ಕತ್ತರಿಸಿಟ್ಟ ಹಣ್ಣು ಬೇಡ, ಗೇಟಿನಾಚೆ ತಳ್ಳುಗಾಡಿಯಲ್ಲಿ ಕರಿದದ್ದಂತೂ ಸುತರಾಂ ಬೇಡ. ಕುದಿಸಿದ ನೀರು ಕುಡಿಯಿರಿ, ಬಿಸಿಬಿಸಿ ಉಣ್ಣಿರಿ, ಹೊಟ್ಟೆಯಲ್ಲಿ ತುಸು ಜಾಗ ಬಿಡಿ. ಇಪ್ಪತ್ತೆರಡು ಮಳೆಗಾಲ ಇದೇ ಪಾಠ. ಕೇಳಿ ಕೇಳಿ ಮುನ್ನೂರು ಜನರ ಕಿವಿ ತೂತು ಬಿದ್ದಿತ್ತೇ ಹೊರತು ಒಬ್ಬರ ಹೊಟ್ಟೆಯೂ ಕೆಟ್ಟಿರಲಿಲ್ಲ. ಅದೇ ಅವಳ ಆಸ್ತಿ. ಜಂಬವೂ ಅದೇ.

ಕ್ಯಾಂಟೀನಿಗೆ ಒಂದು ನಿಯಮವಿತ್ತು. ಬಡಿಸಿದ ಎಲ್ಲದರಲ್ಲೂ ಒಂದೊಂದು ಸೌಟು ಡಬ್ಬಿಗೆ ಹಾಕಿ, ತಾರೀಖು ಬರೆದು, ಎರಡು ದಿನ ಫ್ರಿಜ್ಜಿನಲ್ಲಿಡಬೇಕು. ಯಾರಿಗಾದರೂ ಏನಾದರೂ ಆದರೆ ಪರೀಕ್ಷೆಗೆ ಬೇಕಲ್ಲ! ಇಷ್ಟು ವರ್ಷವೂ ಆ ಡಬ್ಬಿಗಳು ಯಾರೂ ಕೇಳದೆ ಸಿಂಕಿಗೆ ಹೋಗಿದ್ದವು.

ಮಂಗಳವಾರ ದೊಡ್ಡ ಸಾಹೇಬರ ಭೇಟಿ. "ತಟ್ಟೇಲಿ ಒಂಚೂರು ಹಸಿರು ಕಾಣ್ಲಿ" ಎಂದ ಮ್ಯಾನೇಜರ್. ಒಲ್ಲದ ಮನಸ್ಸಿನಿಂದ ಸೌತೆಕಾಯಿಗೆ ಒಪ್ಪಿದಳು. ಕುದಿಸಿದ ನೀರಲ್ಲಿ ತೊಳೆದರೆ ಆಯಿತು ಎಂದುಕೊಂಡಳು. ಊಟದ ಗಂಟೆಗೆ ಹತ್ತು ನಿಮಿಷವಿದ್ದಾಗ ನೋಡುತ್ತಾಳೆ, ಕುದಿಸಿಟ್ಟ ನೀರಿನ ಡ್ರಮ್ಮಿನ ತಳ ಒಣಗಿದೆ. ಒಂದು ದಿನ ತಾನೆ, ಎಂದು ನಲ್ಲಿಯ ಕೆಳಗೆ ಹಿಡಿದಳು.

ಗುರುವಾರ ಹನ್ನೊಂದು ಜನ ಕೆಲಸಕ್ಕೆ ಬರಲಿಲ್ಲ. ವಾಂತಿ, ಭೇದಿ, ಜ್ವರ. ಮೇಸ್ತ್ರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ. ಆರೋಗ್ಯ ಇಲಾಖೆಯವರು ಬರುತ್ತಾರೆಂದು ತಿಳಿದದ್ದೇ ಮ್ಯಾನೇಜರ್ ಅಡುಗೆಮನೆಗೆ ಓಡಿಬಂದ.

"ಮಂಗಳವಾರದ ಆ ಡಬ್ಬಿ ತೊಳೆದು ಬಿಡಿ. ಹೊರಗಡೆ ಗಾಡೀಲಿ ತಿಂದಿದ್ರು ಅಂದ್ರಾಯ್ತು. ನೀವೇ ದಿನಾ ಬೈತೀರಲ್ಲ ಆ ಗಾಡಿಯವನ್ನ!"

ಬೈಯುತ್ತಿದ್ದಳು, ನಿಜ. ಅವಳು ಡಬ್ಬಿ ತೆಗೆದು ಸಿಂಕಿನ ಮೇಲೆ ಹಿಡಿದು ನಿಂತಳು. ಕೆಲಸ ಹೋಗುವುದಕ್ಕಿಂತ, ಮುನ್ನೂರು ತಟ್ಟೆಗಳು ತನ್ನ ಸೌಟಿನಿಂದ ಹಿಂದೆ ಸರಿದಾವೆಂದು ಅವಳಿಗೆ ಹೆಚ್ಚು ಭಯವಾಯಿತು. ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಕಟ್ಟುವುದು ಸುಲಭ. ಗಾಡಿಯವನು ಪಾಪ, ಮಳೆಗೆ ಹೆದರಿ ಮಂಗಳವಾರ ಬಂದೇ ಇರಲಿಲ್ಲ.

ಇಲಾಖೆಯ ಹೆಂಗಸು ಬಂದಾಗ ಬಿಸಿನೀರಮ್ಮ ಡಬ್ಬಿಯನ್ನು ಅವಳ ಕೈಗೇ ಕೊಟ್ಟಳು. "ಸೌತೆಕಾಯಿ ನೋಡಿ ಮೇಡಂ. ನಲ್ಲಿ ನೀರಲ್ಲಿ ತೊಳೆದಿದ್ದು ನಾನೇ." ಮ್ಯಾನೇಜರನ ಮುಖ ಹರಳೆಣ್ಣೆ ಕುಡಿದಂತಾಯಿತು.

ಸೌತೆಕಾಯಿಯದೇ ತಪ್ಪೆಂದು ವರದಿ ಬಂತು. ನೀರಿನ ತೊಟ್ಟಿ ತೊಳೆಸಿದರು. ಮ್ಯಾನೇಜರನಿಗೆ ನೋಟೀಸು, ಅವಳಿಗೆ ಎಚ್ಚರಿಕೆಯ ಪತ್ರ.

ಮೇಸ್ತ್ರಿ ಹಿಂದಿರುಗಿದಾಗ ಅಂಗಿ ಅವನ ಮೈಮೇಲೆ ಜೋತಾಡುತ್ತಿತ್ತು. ಸಾಲಿನಲ್ಲಿ ಅವನೇ ಮೊದಲು. ತಟ್ಟೆಯನ್ನು ಮುಂದೆ ಚಾಚಲಿಲ್ಲ, ಎದೆಗೆ ಒತ್ತಿ ಹಿಡಿದಿದ್ದ.

"ಮೊದ್ಲು ನೀವು ತಿನ್ನಿ, ಬಿಸಿನೀರಮ್ಮ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳೂ ಎರಡು ಮಾತಾಡಿರುತ್ತಿದ್ದಳು.

ಅವಳು ಒಂದು ತಟ್ಟೆಗೆ ಎಲ್ಲವನ್ನೂ ಬಡಿಸಿಕೊಂಡು, ಕೌಂಟರಿನ ಹಿಂದೆ ನಿಂತೇ ಉಂಡಳು. ಬಾಯಿ ಸುಟ್ಟಿತು. ಸಾಲು ಕಾದು ನಿಂತಿತು. ತಟ್ಟೆ ಖಾಲಿಯಾದ ಮೇಲೆ ಮೇಸ್ತ್ರಿ ತನ್ನದನ್ನು ಚಾಚಿದ.

"ಹಾಕಿ."

ಮಾರನೆಯ ದಿನ ಅವನು ಕೇಳಲಿಲ್ಲ. ಅವಳು ಮೊದಲು ಉಂಡಳು, ಆಮೇಲೆ ಸೌಟು ಎತ್ತಿದಳು.